ಒಲೆ ಹಚ್ಚದ ಮನೆಯ ಕರೆಂಟು

ಮಣ್ಣಿಗೆ ಬಂದ ನೆಂಟರೆಲ್ಲ ಊರಿಗೆ ಮರಳಿದ ಮೇಲೆ, ಸೋಮವಾರ ಬೆಳಿಗ್ಗೆ ದಾನೇಶ್ವರಿ ಕುಷ್ಟಗಿ ಠಾಣೆಗೆ ಬಂದಳು. ಅವಳ ಗಂಡ ಪ್ರಭುರಾಜ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ ಹಿಡಿದು, ಕರೆಂಟ್ ಹೊಡೆದು ಸತ್ತಿದ್ದ. ಪಂಚನಾಮೆಯಲ್ಲಿ ‘ಮೃತನ ಅಜಾಗರೂಕತೆಯಿಂದ’ ಎಂದು ಬರೆದಿತ್ತು.

“ಆ ಮಾತು ತೆಗೀಬೇಕ್ರಿ,” ಎಂದಳು.

“ಯಾಕವಾ?” ಇನ್‌ಸ್ಪೆಕ್ಟರ್ ದೇವೇಂದ್ರಪ್ಪ ಕುರ್ಚಿ ತೋರಿಸಿದರು.

ಆಕೆ ಮೊಬೈಲ್ ಮುಂದಿಟ್ಟಳು. ಸ್ಮಾರ್ಟ್ ಮೀಟರಿನ ಆ್ಯಪ್. ಸಾವಿನ ದಿನ ಮನೆಯ ಮೇನ್ ಸ್ವಿಚ್ ಬಂದ್ ಮಾಡಿಸಿದವರು ದೇವೇಂದ್ರಪ್ಪನವರೇ. ಆದರೂ ದಿನಾ ನಸುಕಿನಲ್ಲಿ ಯೂನಿಟ್ ಏರಿತ್ತು.

“ಮೀಟರ್ ಕೆಟ್ಟಿರಬೇಕು.”

“ಕೆಟ್ಟಿದ್ರ ಹಗಲೂ ಏರಬೇಕಲ್ರಿ. ನಮ್ಮನ್ಯಾಗ ಒಲಿನೂ ಹಚ್ಚಿಲ್ಲ.”

ಮಧ್ಯಾಹ್ನ ವಿದ್ಯುತ್ ಕಚೇರಿಯ ಎಂಜಿನಿಯರ್ ಬಂದು ಪರೀಕ್ಷಿಸಿದರು. ಮೀಟರ್ ಸರಿಯಾಗಿತ್ತು. ಅಂದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಯಾರೋ ಕರೆಂಟ್ ಎಳೆದಿದ್ದರು. ಎರಡನೇ ಪಂಚನಾಮೆ ನಡೆಯಿತು. ಮೀಟರಿನಿಂದ ಇಳಿದ ವೈರಿಂಗ್ ಪೈಪಿನ ಹಿಂದಿನಿಂದ ಹೊರಟ ಸಣ್ಣ ವೈರ್, ಬಟ್ಟೆಯ ತಂತಿ ಕಟ್ಟಿದ ಕೊಂಡಿಯನ್ನು ಉಜ್ಜಿಕೊಂಡು ಗೋಡೆ ದಾಟಿತ್ತು. ಉಜ್ಜಿದಲ್ಲಿ ಹೊಸ ಕರಿ ಟೇಪು.

ಕಾನ್‌ಸ್ಟೆಬಲ್ ರಜಿಯಾಬೇಗಂ ಗೋಡೆಯಾಚೆ ಇಣುಕಿದಳು. ಶೆಡ್ಡಿನಲ್ಲಿ ರೊಟ್ಟಿ ಮಷಿನ್ ಇತ್ತು.

“ಅಕ್ಕಾ, ಇಷ್ಟು ದಿನ ನಿಮಗ ಊಟ ಕೊಟ್ಟವ್ರು ಯಾರು?”

“ಬಾಜೂಮನಿ ಶಿವಲಿಂಗಮ್ಮಕ್ಕಾರು. ನಸುಕಿನ್ಯಾಗ ಬಿಸಿ ರೊಟ್ಟಿ ತರ್ತಿದ್ರು.” ದಾನೇಶ್ವರಿ ಮೊಬೈಲ್ ತೆಗೆದು ನಸುಕಿನ ಯೂನಿಟ್‌ಗಳನ್ನು ಮತ್ತೆ ನೋಡಿದಳು.

ಶಿವಲಿಂಗಮ್ಮನ ಗಂಡ ಗಾಳೇಶ ಮನೆ ವೈರಿಂಗ್ ಕೆಲಸದವನು. ಅವನನ್ನು ಠಾಣೆಗೆ ಕರೆಸಿದರು.

“ಟೇಪು ಯಾವಾಗ ಸುತ್ತಿದಿ?” ದೇವೇಂದ್ರಪ್ಪ ಕೇಳಿದರು.

“ಮಣ್ಣಾದ ದಿನ್ರಿ.”

“ಅಂದ್ರ ಗೊತ್ತಿತ್ತು.”

“ಅವತ್ತ ಗೊತ್ತಾತ್ರಿ.”

“ವೈರ್ ಯಾಕ ಕೀಳಲಿಲ್ಲ?”

“ಸತ್ತ ಮನಿಗೆ ರೊಟ್ಟಿ ಕೊಡಬೇಕಲ್ರಿ ಸಾಹೇಬ್ರ. ನಾವ ಬಾಜೂದವ್ರು. ಮಷಿನ್ ಆ ವೈರಿಗೇ ಇತ್ತು.”

“ಕರೆಂಟೂ ಅವರದೇ, ರೊಟ್ಟಿನೂ ಅವರಿಗೇ,” ಎಂದಳು ರಜಿಯಾಬೇಗಂ. “ಭಾಳ ಛಲೋ ನೆರಿಮನಿಯವ ನೀನು.”



ವಿದ್ಯುತ್ ಕಳವು ಮತ್ತು ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಆಯಿತು. ಸಂಜೆಯೇ ಬಂಧನ. ಮಷಿನ್ ತನ್ನ ಮೀಟರಿನಲ್ಲಿ ಓಡಿದರೆ ಉಚಿತ ಕರೆಂಟಿನ ಮಿತಿ ದಾಟುತ್ತದೆಂದು ಹೆದರಿದ್ದಾಗಿ ಅವನು ಹೇಳಿಕೆ ಕೊಟ್ಟ. ಪ್ರಭುರಾಜನ ಮನೆಯಲ್ಲಿ ಇಬ್ಬರೇ. ಮಷಿನ್ ಓಡಿಸಿದರೂ ಮಿತಿ ದಾಟದೆ ಅವರ ಬಿಲ್ಲು ಸೊನ್ನೆಯೇ ಬರುತ್ತಿತ್ತು. ಸೊನ್ನೆ ಬಿಲ್ಲನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಯಾರಿಗೂ ಲುಕ್ಸಾನಿಲ್ಲ ಅಂದುಕೊಂಡಿದ್ದ.

ದೇವೇಂದ್ರಪ್ಪ ಹೊಸ ವರದಿಯನ್ನು ದಾನೇಶ್ವರಿಗೆ ಓದಿ ಹೇಳಿದರು. ‘ಮೃತನ ತಪ್ಪಿರುವುದಿಲ್ಲ’ ಎಂಬಲ್ಲಿ ಆಕೆ ಇನ್ನೊಮ್ಮೆ ಓದಲು ಕೇಳಿದಳು. ಅವರು ಓದಿದರು.

ಮರುದಿನ ಆಕೆ ಗಾಳೇಶನ ಏಣಿಯನ್ನು ಎಳೆದುಕೊಂಡು ಬಾಜೂಮನೆಗೆ ಹೋದಳು. ಸುಣ್ಣ ಹಚ್ಚಲೆಂದು ಪ್ರಭುರಾಜ ಇಸಿದುಕೊಂಡು ಬಂದಿದ್ದ ಏಣಿ. ಕಟ್ಟೆಯ ಮೇಲೆ ಶಿವಲಿಂಗಮ್ಮ ಒಬ್ಬಳೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

“ಇರಲಿ ಬಿಡವಾ. ಇನ್ನ ಏರವ್ರು ಯಾರದಾರ?” ಎಂದಳು ಶಿವಲಿಂಗಮ್ಮ.

“ನಿಮ್ಮದು ಇದು,” ಎಂದು ದಾನೇಶ್ವರಿ ಅದನ್ನು ಗೋಡೆಗೆ ಆನಿಸಿ ಬಂದಳು.