ತಾಯಿದನಿ ಯಂತ್ರ

“ಹೆದರಬ್ಯಾಡ ಇಬ್ಬನಿ, ನಾ ಇಲ್ಲೇ ಅದೀನಿ,” ಅಂದಿತು ಗೋಡೆಯ ಪೆಟ್ಟಿಗೆ. ದನಿ ಮಗುವಿನ ತಾಯಿ ಸಿಂಚನಾಳದ್ದು. ಸಿಂಚನಾ ಮಾತ್ರ ಗಾಜಿನ ಈಚೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಪಕ್ಕದಲ್ಲಿದ್ದ ಅವಳ ಅತ್ತೆ ಬಾಳಮ್ಮನಿಗೆ ಮೈಯೆಲ್ಲ ಉರಿಯಿತು. ಹೆತ್ತವಳು ಇಲ್ಲಿ, ಅವಳ ದನಿ ಅಲ್ಲಿ! ಇದೆಂಥ ಕಣ್ಕಟ್ಟು?

ಇನ್ನು ಮೂವತ್ತು ವರ್ಷ ಕಳೆದ ಮೇಲಿನ ಗದಗಿನ ಆಸ್ಪತ್ರೆಯೊಂದರ ಮಾತಿದು. ತಾಯಿಯ ಮಾತಿನ ಧಾಟಿಯನ್ನು ಮೊದಲೇ ಕಲಿತು, ಮಗುವಿನ ಮುಖ, ಉಸಿರು ನೋಡುತ್ತ ರಮಿಸುವ ಯಂತ್ರ ಬಂದಿತ್ತು. ಮಗು ಸಮಾಧಾನವಾದೊಡನೆ ಮುಖವಾಡ ಇಳಿಸಿ ಅರಿವಳಿಕೆ, ಅಂದರೆ ನೋವು ತಿಳಿಯದಂತೆ ನಿದ್ದೆ ಬರಿಸುವ ಗಾಳಿ, ಬಿಡುತ್ತಿತ್ತು. ಅಳುವಿಲ್ಲ, ರಂಪವಿಲ್ಲ. ಹಾಗಾಗಿ ಮನೆಯವರಿಗೆ ಒಳಗೆ ಪ್ರವೇಶವೂ ಇಲ್ಲ.

“ಮಕ್ಕಳು ಇದರ ಮುಂದ ಏನೂ ಮುಚ್ಚಿಡೂದಿಲ್ರಿ ಅಮ್ಮಾ,” ಎಂದರು ಯಂತ್ರ ಕಂಡುಹಿಡಿದ ಶರದ್ ಹಿತ್ತಲಮನಿ. “ತಾಯಿ ಕೇಳಿದ್ರ ಹೇಳೇಬಿಡ್ತಾವು.”

ಬಾಳಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಕ್ಕಳನ್ನು ಸಾಕಿದ ಮುಖವಲ್ಲ ಇದು.

ಒಳಗೆ ಪೆಟ್ಟಿಗೆ ಕೇಳಿತು: “ಮುಂಜಾನೆ ಏನರ ತಿಂದಿಯೇನು, ಬಂಗಾರಾ?”

ನಾಲ್ಕು ವರ್ಷದ ಇಬ್ಬನಿ ತುಟಿ ಬಿಗಿದು, “ಇಲ್ಲ,” ಎಂದಳು. ಪೆಟ್ಟಿಗೆಯ ದೀಪ ಹಸಿರಾಯಿತು. ಮುಖವಾಡ ಮೆಲ್ಲಗೆ ಇಳಿಯತೊಡಗಿತು.

ಬಾಳಮ್ಮ ಗಾಜಿಗೆ ಇನ್ನಷ್ಟು ಹತ್ತಿರವಾದಳು. ಏನೂ ತಿನ್ನಿಸಬೇಡಿ ಎಂದು ಸೊಸೆ ಹೇಳಿದ್ದು ನಿಜ. ಯಾಕೆಂದು ಯಾರೂ ಹೇಳಿರಲಿಲ್ಲ. ದೊಡ್ಡ ಕೆಲಸಕ್ಕೆ ಹೊರಟ ಕೂಸನ್ನು ಬರೀ ಹೊಟ್ಟೆಯಲ್ಲಿ ಹೊಸಿಲು ದಾಟಿಸುವುದುಂಟೇ? ಮೊಸರವಲಕ್ಕಿ ಉಣಿಸಿ, “ಅವ್ವನ ಮುಂದ ಹೇಳಬ್ಯಾಡ,” ಎಂದು ಆಣೆ ಮಾಡಿಸಿದ್ದಳು. ಕೇಳಿದ್ದು ಅವ್ವನೇ ಎಂದು ಮಗು ನಂಬಿತ್ತಲ್ಲ!

“ಅದ್ಯಾಕ ಹೊಟ್ಟಿ ವಿಚಾರ ಕೇಳತೈತಿ?” ಎಂದು ಶರದ್ ಕಡೆ ತಿರುಗಿದಳು.

“ಹೊಟ್ಯಾಗ ಏನರ ಇದ್ರ, ನಿದ್ದ್ಯಾಗ ಮ್ಯಾಲೆ ಬಂದು ಶ್ವಾಸಕೋಶಕ್ಕ ಇಳೀತದರಿ. ಉಸಿರ ಕಟ್ಟತದ.”

“ನಿಲ್ಲಸ್ರೋ ಯಪ್ಪಾ!” ಬಾಳಮ್ಮ ಎರಡೂ ಕೈಯಿಂದ ಗಾಜು ಬಡಿದಳು. “ನಾ ಉಣಿಸೀನಿ! ಕೂಸು ಸುಳ್ಳ ಹೇಳೈತಿ!”

ಶರದ್ ಗುಂಡಿ ಒತ್ತಿದರು. ಮುಖವಾಡ ಮೂಗಿನ ಹತ್ತಿರ ನಿಂತು, ಮೇಲೆದ್ದಿತು. ಸಿಂಚನಾ ಒಳಗೆ ಓಡಿ ಮಗಳನ್ನು ಅವಚಿಕೊಂಡಳು. ಆ ದಿನದ ಹರ್ನಿಯಾ ಆಪರೇಷನ್ ಮುಂದಕ್ಕೆ ಹೋಯಿತು.

ಶರದ್ ಕುರ್ಚಿ ತಂದು ಬಾಳಮ್ಮನನ್ನು ಕೂರಿಸಿ ಅಂದರು: “ಇನ್ನ ಅಜ್ಜಿಯರ ದನೀನೂ ಯಂತ್ರಕ್ಕ ಕಲಿಸಬೇಕ್ರಿ.”

“ದನಿ ತಗೊಂಡು ಏನ್ಮಾಡ್ತಿ?” ಬಾಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಮುಂಜಾನಿಂದ ನಿಮ್ಮ ಬಾಗಲಾಗ ನಿಂತೀನಿ. ಕೂಸಿಗೆ ಏನ್ ಕೊಟ್ಟಿದಿ ಅಂತ ನನ್ನ ಒಬ್ಬರರ ಕೇಳಿದಿರೇನು?”