ಹೋಗುವಾಗ ಬೇಗ, ಬರುವಾಗ ತಡ

"ಸಾಗಹಾಕೋಕೆ ಜೋರಾಗಿ ಹೋಗೋ ವಿಮಾನ, ವಾಪಸ್ ಕರೆಸ್ಕೊಳ್ಳೋಕೆ ನಿಧಾನದ್ದು. ನನಗೆ ಅಷ್ಟೂ ತಿಳಿಯಲ್ಲ ಅಂದ್ಕೊಂಡ್ಯಾ?"

ಅತ್ತೆ ಟಿಕೆಟನ್ನು ಹೊಲಿಗೆ ಯಂತ್ರದ ಮೇಲೆ ಕುಕ್ಕಿದರು. ಸೊಸೆಯ ಕಾಲು ತುಳಿಯುವುದನ್ನೇ ಮರೆಯಿತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಟ್ಟೆ ಕತ್ತರಿಸಿ ಹೊಲಿಯುವುದು ಅವಳ ಪಾಲಿನದು, ಗುಂಡಿ ತೂರುವ ಕಾಜಾ ಹಾಕುವುದು ಅತ್ತೆಯ ಪಾಲಿನದು. ದೂರದ ನಗರದಲ್ಲಿ ನಾದಿನಿ ಹೆತ್ತಿದ್ದಳು. ಮಗುವನ್ನು ನೋಡಲು ಅತ್ತೆ ಮರುದಿನ ಹೊರಡಬೇಕಿತ್ತು. ಕನ್ನಡಕ ಏರಿಸಿ ಇಳಿಸಿ ಟಿಕೆಟ್ ಓದಿದ ಅವರಿಗೆ ಮೋಸವೊಂದು ಕಣ್ಣಿಗೆ ಬಿದ್ದಿತ್ತು. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಮಧ್ಯಾಹ್ನ ಎರಡಕ್ಕೆಲ್ಲ ಅಲ್ಲಿ. ಬರುವಾಗ ಅದೇ ಹತ್ತಕ್ಕೆ ಹೊರಟರೆ ಇಲ್ಲಿ ಮುಟ್ಟುವುದು ನಡುರಾತ್ರಿ! ಏಳು ಸಾವಿರ ಕಿಲೋಮೀಟರಿನ ದಾರಿ ಬರುವಾಗ ಮಾತ್ರ ಹಿಗ್ಗುತ್ತದೆಯೇ?

"ಅಮ್ಮಾ, ಹಾಗಲ್ಲ... ಭೂಮಿ ತಿರುಗುತ್ತಲ್ಲ..." ಎಂದು ಮಗ ಬಾಯಿಬಿಟ್ಟ.

"ಅದು ತಿರುಗೋದು ಇರಲಿ. ನೀನು ಯಾರು ಹೇಳಿದ ಕಡೆ ತಿರುಗ್ತೀಯ ಅಂತ ನನಗೆ ಗೊತ್ತು."

ಮಗ ಗೋಡೆಯ ಕಡೆ ತಿರುಗಿದ.

"ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಐದು ಗಂಟೆ ಹಿಂದೆ ಅತ್ತೆ," ಎಂದಳು ಸೊಸೆ. "ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಹಾಕಿರ್ತಾರೆ. ಹೋಗೋಕೂ ಒಂಬತ್ತು ಗಂಟೆ, ಬರೋಕೂ ಒಂಬತ್ತೇ."

"ಎಷ್ಟಾದ್ರೂ ಇರಲಿ, ನಾನು ಹೋಗಲ್ಲ. ಮೊಮ್ಮಗಳ ಮುಖ ಫೋಟೋದಲ್ಲೇ ನೋಡ್ಕೋತೀನಿ. ಬೇಡವಾದೋಳು ಅನ್ನಿಸ್ಕೊಂಡು ಈ ಹೊಸಿಲು ದಾಟಲ್ಲ..." ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸೊಸೆಗೆ ತಡೆಯಲಾಗಲಿಲ್ಲ. ಒಂದು ವಾರದಿಂದ ನುಂಗಿಕೊಂಡಿದ್ದ ಅಳು ಒಮ್ಮೆಲೇ ಹೊರಬಿತ್ತು. ಅತ್ತೆಯ ಬಾಯಿಗೆ ಅವಳು ಹೆದರುತ್ತಿದ್ದಳು, ನಿಜ. ಆದರೆ ಅವರು ಕೂರುವ ಎದುರಿನ ಕುರ್ಚಿ ಖಾಲಿಯಾಗುತ್ತದೆ ಎಂಬುದನ್ನು ನೆನೆದರೆ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು.

"ಮೂರು ತಿಂಗಳು ಇದ್ದು ಬರಲಿ ಅಂದಿದ್ದು ನಿಮ್ಮ ಮಗ. ಒಂದೇ ತಿಂಗಳು ಸಾಕು ಅಂತ ಜಗಳ ಆಡಿದ್ದು ನಾನು... ನೀವಿಲ್ಲದೆ ಇಡೀ ದಿನ ನಾನು ಯಾರ ಹತ್ರ ಬೈಸ್ಕೊಳ್ಳಲಿ?"

ಅತ್ತೆ ನಿಧಾನವಾಗಿ ಮಗನ ಕಡೆ ತಿರುಗಿದರು.

"ಮೂರು ತಿಂಗಳಾ?"

ಮಗ ಹಾಲು ತರುವ ನೆಪದಲ್ಲಿ ಚಪ್ಪಲಿ ಮೆಟ್ಟಿದ. ಅತ್ತೆ ಸೆರಗಿನಿಂದ ಸೊಸೆಯ ಮೂಗು ಒರೆಸಿ, "ಅಳಬೇಡ, ಬಟ್ಟೆ ಮೇಲೆ ಕಲೆಯಾಗುತ್ತೆ," ಎಂದು ಗದರಿದರು.

ಮರುದಿನ ಕತ್ತಲಾದ ಮೇಲೆ ಫೋನ್ ಬಂತು.

"ಮುಟ್ಟಿದೆ. ಇಲ್ಲಿನ್ನೂ ಬಿಸಿಲಿದೆ, ನೀನು ಹೇಳಿದ್ದೇ ಸರಿ. ಮಗು ನಿದ್ದೆ ಮಾಡ್ತಿದೆ, ನನ್ನದೇ ಮೂಗು. ಅದಿರಲಿ, ಮೇಷ್ಟ್ರ ನೀಲಿ ಅಂಗಿಗೆ ನೀನು ಕಾಜಾ ಹಾಕಿಲ್ಲ ತಾನೇ? ನೀನು ಹಾಕಿದರೆ ಅದರಲ್ಲಿ ಹೆಬ್ಬೆಟ್ಟು ತೂರುತ್ತೆ. ನಾನೇ ಬಂದು ಹಾಕ್ತೀನಿ, ಒಂದು ತಿಂಗಳು ಕಾಯಲಿ ಮೇಷ್ಟ್ರು."

ಸೊಸೆಯ ಮಡಿಲಲ್ಲಿ ನೀಲಿ ಅಂಗಿ ಇತ್ತು, ನಾಲ್ಕನೆಯ ಕಾಜಾದಲ್ಲಿ ಸೂಜಿ ಇತ್ತು.

"ಇಲ್ಲ ಅತ್ತೆ, ಮುಟ್ಟೇ ಇಲ್ಲ," ಎನ್ನುತ್ತ ಅವಳು ಅಂಗಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.