ಅಂಬಿಗರ ಹುಲುಗ ದಾಟಿದ ಮೂರು ಕಂದಕ

ಈ ಕತೆ ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು, ಯಾರೂ ಕೈ ಹಿಡಿದು ಕೂರಿಸುವುದಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳುವವನು ಸುತ್ತ ಏಳು ಹಳ್ಳಿಯಲ್ಲಿ ಇದ್ದರೆ ಕರೆತನ್ನಿ. ಅವನೂ ಕೂತು ಕೇಳಲಿ.

ಬಲು ಹಿಂದೆ, ಮುಗಿಲಕೋಟೆ ಅನ್ನುವ ರಾಜ್ಯದಲ್ಲಿ, ಸ್ಥಿರಕೇತು ಎಂಬ ಮಾಯಾವಿ ನಾಡಿನ ಬೆಂಕಿಯನ್ನೆಲ್ಲ ಕದ್ದು ತನ್ನ ಅರಮನೆಯಲ್ಲಿ ಬಚ್ಚಿಟ್ಟಿದ್ದ. ಒಲೆಗಳು ತಣ್ಣಗಾದವು. ಅರಸನೂ ನೆನೆಸಿದ ಕಾಳು ತಿಂದ, ಆಳೂ ನೆನೆಸಿದ ಕಾಳು ತಿಂದ. ಬೆಂಕಿ ತಂದವನಿಗೆ ಅರ್ಧ ರಾಜ್ಯ ಅಂತ ಅರಸ ಡಂಗುರ ಸಾರಿಸಿದ.

ಮಾಯಾವಿಯ ಅರಮನೆಯ ಸುತ್ತ ಒಂದರೊಳಗೊಂದು ಮೂರು ಕಂದಕ. ದಾಟುವವನು ಮೊದಲು ನೀರು ಎಷ್ಟು ಆಳ ಅಂತ ಹೇಳಿ ಆಮೇಲೆ ಇಳಿಯಬೇಕು. ಹೇಳಿದ್ದು ಸರಿಯಾದರೆ ದಾರಿ. ತಪ್ಪಾದರೆ ಪಾದದಿಂದ ಮೇಲಕ್ಕೆ ಮೈ ಮೆಲ್ಲಗೆ ಕಲ್ಲಾಗುತ್ತ ಬರುತ್ತಿತ್ತು. ಮೂರನ್ನೂ ದಾಟಿದವನು ಮಾಯಾವಿಗೆ ಒಂದು ಪ್ರಶ್ನೆ ಕೇಳಬಹುದು, ಅವನು ಉತ್ತರ ಕೊಡಲೇಬೇಕು. ಮುನ್ನೂರು ವರ್ಷದಲ್ಲಿ ಆ ಪ್ರಶ್ನೆ ಕೇಳಲು ಒಬ್ಬನೂ ಉಳಿದಿರಲಿಲ್ಲ.

ಹೊಳೆದಂಡೆಯ ಅಂಬಿಗ ಯಮನೂರ ಹೋದ, ತಿರುಗಿ ಬರಲಿಲ್ಲ. ಹರಿಗೋಲಿನವರಲ್ಲಿ ಅವನಷ್ಟು ಹೆಸರು ಯಾರಿಗೂ ಇರಲಿಲ್ಲ. ಒಂದು ಸಲ ಬಿದಿರ ಗಳ ಊರಿ ಆಳ ನೋಡಿದ ಜಾಗದಲ್ಲಿ ಅವನು ಮತ್ತೆ ಗಳ ಊರಿದವನಲ್ಲ. ಆ ಕೇರಿಯಲ್ಲಿ ಎರಡು ಸಲ ಊರುವವನನ್ನು ಪುಕ್ಕಲ ಅಂತ ಆಡಿಕೊಳ್ಳುತ್ತಿದ್ದರು.

ಅವನ ತಮ್ಮ ಹುಲುಗ. ಅಣ್ಣನ ಗುಣವೆಲ್ಲ ಅವನಿಗಿತ್ತು, ಬಾಯಿ ಮಾತ್ರ ಇನ್ನೊಂದು ಗೇಣು ದೊಡ್ಡದು. ಅಣ್ಣನನ್ನೂ ತರುತ್ತೇನೆ, ಬೆಂಕಿಯನ್ನೂ ತರುತ್ತೇನೆ, ಅರ್ಧ ರಾಜ್ಯದಲ್ಲಿ ಯಾವ ಅರ್ಧ ಅಂತ ಅರಸರು ಈಗಲೇ ಯೋಚಿಸಿಡಲಿ ಅಂತ ಹೇಳಿ ಗಳ ಹೆಗಲಿಗೇರಿಸಿ ಹೊರಟ.

ಮೊದಲ ಕಂದಕದ ದಡದಲ್ಲಿ ಕಣ್ಣಲ್ಲಿ ದೀಪ ಉರಿಯುವ ಬಿಳಿ ಗೂಳಿ ಮಲಗಿತ್ತು. ನೀರು ಎಷ್ಟು ಆಳ ಅಂತ ಕೇಳಿತು. ಹುಲುಗ ಗಳ ಊರಿ ನೋಡಿ, ಮೊಣಕಾಲುದ್ದ ಅಂದ. ಇಳಿದ. ಮೊಣಕಾಲುದ್ದವೇ ಇತ್ತು. ದಾಟಿದ.

ಎರಡನೆಯ ಕಂದಕದ ದಡದಲ್ಲಿ ನೀಲಿ ಪಟ್ಟೆಯ ಹುಲಿ ಕೂತಿತ್ತು. ಮೊದಲ ಕಂದಕದಲ್ಲಿದ್ದ ಅದೇ ಮೆಟ್ಟಿಲು, ಅದೇ ತಾವರೆ, ಅದೇ ಬಣ್ಣದ ನೀರು. ನಡುವೆ ಅಲ್ಲಲ್ಲಿ ಬಂಡೆಗಳು ತಲೆ ಎತ್ತಿದ್ದವು, ಅಷ್ಟೇ ಹೆಚ್ಚು. ಹುಲಿಯೂ ಅದನ್ನೇ ಕೇಳಿತು.

"ಮೊಣಕಾಲುದ್ದ," ಅಂದ ಹುಲುಗ. "ಒಂದು ಸಲ ಹೇಳಿದ್ದಾಯ್ತಲ್ಲ, ಇನ್ನೇನು ಕೇಳ್ತೀಯ?"

ಗಳ ಹೆಗಲಿಂದ ಇಳಿಸದೆ ಕಾಲಿಟ್ಟ. ಎರಡೇ ಹೆಜ್ಜೆಗೆ ನೀರು ಎದೆಗೆ ಬಂತು, ಎಡಪಾದ ಹೆಣಭಾರವಾಯಿತು. ಇನ್ನೆರಡು ಹೆಜ್ಜೆ ಇಟ್ಟರೆ ತಳ ಮೇಲೆ ಬಂದೀತು ಅಂದುಕೊಂಡು ಮುಂದೆ ನೋಡಿದ. ಹತ್ತಿರದ ಬಂಡೆಗೆ ಮೂಗಿತ್ತು. ಅದು ಯಮನೂರನ ತಲೆ. ಕುತ್ತಿಗೆಯವರೆಗೆ ನೀರಲ್ಲಿ ನಿಂತು, ತುಟಿ ತೆರೆದು, ಅಣ್ಣನೂ ಅದೇ ಮಾತು ಹೇಳುತ್ತಲೇ ಕಲ್ಲಾಗಿದ್ದ. ಅವನೂ ಇನ್ನೆರಡು ಹೆಜ್ಜೆ ಅಂತಲೇ ಬಂದಿದ್ದ.

ಹುಲುಗ ಎತ್ತಿದ ಹೆಜ್ಜೆ ಹಿಂದಕ್ಕಿಟ್ಟ. ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ಆಡಿದ.

"ನಾನು ಹೇಳಿದ್ದು ತಪ್ಪು."

ಹುಲಿ ಕಿವಿ ನಿಮಿರಿಸಿತು. "ಏನಂದೆ? ಇನ್ನೊಂದ್ಸಲ ಹೇಳಪ್ಪ. ಮುನ್ನೂರು ವರ್ಷದಿಂದ ಇಲ್ಲಿ ಕೂತಿದ್ದೀನಿ, ಈ ಮಾತು ಕೇಳಿರಲಿಲ್ಲ."

ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಆದರೂ ಹೇಳಿದ. ಕಲ್ಲು ಹಿಮ್ಮಡಿಯ ಮೇಲೆ ಏರದೆ ನಿಂತಿತು. ಗಳ ಊರಿ ನೋಡಿ, ಕುತ್ತಿಗೆಯುದ್ದ ಅಂತ ತಿದ್ದಿ ಹೇಳಿ, ಕಲ್ಲಿನ ಪಾದ ಎಳೆಯುತ್ತ ದಾಟಿದ.

ಮೂರನೆಯ ಕಂದಕದಲ್ಲಿ ಕಿರೀಟ ತೊಟ್ಟ ಮೊಸಳೆ. ಅದೂ ಕೇಳಿತು.

"ಗೊತ್ತಿಲ್ಲ. ತಡಿ, ನೋಡಿ ಹೇಳ್ತೀನಿ," ಅಂದ ಹುಲುಗ.

ಆ ಕಂದಕದ ತಳ ಉಸಿರಾಡುತ್ತಿತ್ತು, ಗಳಿಗೆಗೊಮ್ಮೆ ಏರುತ್ತಿತ್ತು, ಇಳಿಯುತ್ತಿತ್ತು. ಹುಲುಗ ಹೆಜ್ಜೆಗೊಂದು ಸಲ ಗಳ ಊರಿದ, ಹೆಜ್ಜೆಗೊಂದು ಸಲ ಮಾತು ಬದಲಿಸಿದ. ಸೊಂಟದುದ್ದ ಅಂದ. ಅಲ್ಲ, ತೊಡೆ ಅಂದ. ಈಗ ಎದೆ ಅಂದ. ಆಚೆ ದಡದಲ್ಲಿ ಸ್ಥಿರಕೇತು ಹೊಟ್ಟೆ ಹಿಡಿದುಕೊಂಡು ನಗುತ್ತ ನಿಂತಿದ್ದ.

"ಲೇ ಅಂಬಿಗ, ನಿನಗೇನು ಎರಡು ನಾಲಿಗೆಯೇನೋ?"

"ನಾಲಿಗೆ ಒಂದೇ ಸ್ವಾಮಿ. ನೀರು ಒಂದೇ ಥರ ಇಲ್ಲ."

ದಡ ಹತ್ತಿದ ಹುಲುಗ ತನ್ನ ಪಾಲಿನ ಪ್ರಶ್ನೆ ಕೇಳಿದ. ನಾನು ಈಗ ದಾಟಿ ಬಂದ ಈ ನೀರು ಎಷ್ಟು ಆಳ?

ಸ್ಥಿರಕೇತುವಿಗೆ ಇದು ತೀರ ಸುಲಭ ಅನ್ನಿಸಿತು. ಈ ಕಂದಕ ತೋಡಿಸಿದ್ದೇ ತಾನು, ತೋಡಿಸಿದ ದಿನ ಮೊಣಕಾಲುದ್ದವಿತ್ತು, ತಾನು ಹೇಳಿದ ಮೇಲೆ ಅದು ಮೊಣಕಾಲುದ್ದವೇ ಅಂದ. ಅಂದವನು ತೋರಿಸಿಕೊಡಲು ಇಳಿದೇಬಿಟ್ಟ. ನೀರು ಸೊಂಟಕ್ಕೆ ಬಂತು. ಕಾಲು ಕಲ್ಲಾಯಿತು.

ಹುಲುಗ ಗಳ ಚಾಚಿದ. "ತಪ್ಪಾಯ್ತು ಅಂದುಬಿಡಿ, ನಿಂತುಹೋಗುತ್ತೆ. ನಾನೇ ಕಂಡಿದ್ದೀನಿ."

ಮಾಯಾವಿ ಗಳವನ್ನು ತಳ್ಳಿದ. ಕಲ್ಲು ಎದೆಗೇರಿತು, ಕುತ್ತಿಗೆಗೇರಿತು. ಒಂದು ಮಾತು ಅಂದಿದ್ದರೆ ಉಳಿಯುತ್ತಿದ್ದ. ಅನ್ನಲಿಲ್ಲ. ಮುಗಿಯಿತು.

ಅರಮನೆಯ ಬೆಂಕಿ ತಾನಾಗಿ ಹಾರಿ ಮನೆಮನೆಯ ಒಲೆ ಸೇರಿತು. ಹುಲುಗನ ಪಾದ ಮೆತ್ತಗಾಯಿತು. ಕಂದಕದೊಳಗಿನ ಕಲ್ಲುಗಳೆಲ್ಲ ಕೆಮ್ಮುತ್ತ ಮನುಷ್ಯರಾದವು. ಯಮನೂರ ಅರ್ಧಕ್ಕೆ ನಿಂತಿದ್ದ ಮೊಣಕಾಲುದ್ದ ಅನ್ನುವ ಮಾತನ್ನು ಪೂರ್ತಿ ಮಾಡಿ, ಗಲ್ಲಕ್ಕೆ ಬಡಿಯುವ ನೀರು ನೋಡಿ, ತಮ್ಮನ ಮುಖ ನೋಡಿದ.

"ಅಲ್ವೇನೋ?" ಅಂದ.

"ಅಲ್ಲಣ್ಣ. ಬಾ."

ಮುಗಿಲಕೋಟೆಯಲ್ಲಿ ಅಂದು ಬಿಸಿ ಮುದ್ದೆ ಉಣ್ಣದವರಿರಲಿಲ್ಲ. ಅರಸ ಅರ್ಧ ರಾಜ್ಯ ತಗೋ ಅಂದ, ಹುಲುಗ ಬೆಳಿಗ್ಗೆ ಹೂಂ ಅಂದ. ಮಧ್ಯಾಹ್ನದ ಹೊತ್ತಿಗೆ ನೂರಾರು ಜನ ಸಾಲಾಗಿ ನಿಂತು, ತಮ್ಮ ಜಗಳಕ್ಕೆ ಈಗಿಂದೀಗಲೇ ತೀರ್ಪು ಹೇಳು ಅಂತ ದುಂಬಾಲುಬಿದ್ದರು. ಸಂಜೆಗೆ ಅವನು ಅರಸನ ಬಳಿ ಹೋಗಿ, ಬೆಳಿಗ್ಗೆ ಹೇಳಿದ್ದು ತಪ್ಪಾಯಿತು, ಬೇರೆ ಏನಾದರೂ ಕೊಡಿ ಅಂದ.

ಅರಸ ಅವನಿಗೆ ಕರು ಹಾಕಿದ ಒಂದು ಎಮ್ಮೆ ಕೊಟ್ಟ.